ಸಾವಿತ್ರೆವ್ವನ ರಾಕೆಟ್ ಖಾತೆ

ಐದು ತಾಲ್ಲೂಕುಗಳ ಗಮನಕ್ಕೆ ತರಲೇಬೇಕಾದ ಗಂಭೀರ ಸಂಗತಿಯೊಂದಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡದ ಜನ ಕೈಯಲ್ಲಿರುವ ಚಹದ ಕಪ್ಪನ್ನು ಕೆಳಗಿಟ್ಟು ಓದಬೇಕು. ಶಿರಗುಪ್ಪಿಯ ಹೊರಗಿನ ಒಂದು ಕಬ್ಬಿನ ಹೊಲದಲ್ಲಿ ಶನಿವಾರ ಮಧ್ಯಾಹ್ನ ಎರಡು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯೊಂದು ಕಳೆದುಹೋಗಿದೆ. ಬಾಟಲಿಯ ಬಣ್ಣ ಹಸಿರು. ಕಬ್ಬಿನ ಬಣ್ಣವೂ ಹಸಿರೇ. ಹುಡುಕಾಟ ಮುಂದುವರಿದಿದೆ.

ಹುಡುಕಾಟ ಎಂದರೆ ತಂಡ, ಪಡೆ ಎಂದೆಲ್ಲ ಭಾವಿಸಬೇಕಿಲ್ಲ. ಹುಡುಕುತ್ತಿರುವವರು ಒಬ್ಬರೇ, ಸಾವಿತ್ರೆವ್ವ.

ಭಾನುವಾರದ ನಸುಕು. ಕೃಷ್ಣೆಯ ಕಡೆಯಿಂದ ಬಂದ ಮಂಜು ಇನ್ನೂ ಹೊಲದ ಮೇಲೆ ಮಲಗಿದೆ. ಸಕ್ಕರೆ ಕಾರ್ಖಾನೆಯ ಸಿಹಿ ಕಮಟು ವಾಸನೆ ಅದರೊಂದಿಗೆ ಬೆರೆತು ಮೂಗಿಗೆ ಅಂಟಿಕೊಳ್ಳುತ್ತದೆ. ಸಾವಿತ್ರೆವ್ವ ಬದುವಿನ ಮೇಲೆ ಕೂತು ಸಜ್ಜಾಗುತ್ತಿದ್ದಾರೆ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ. ತಲೆ, ಕಿವಿ, ಗಲ್ಲ ಮೂರನ್ನೂ ಸೇರಿಸಿ ಸುತ್ತಿದ ಟವೆಲ್ಲು. ಕಾಲಿಗೆ ಮಗ ಹೈಸ್ಕೂಲಿನಲ್ಲಿದ್ದಾಗ ಹಾಕುತ್ತಿದ್ದ ಕಪ್ಪು ಬೂಟು. ಕೊರಳಲ್ಲಿ ಪ್ರಯೋಗಶಾಲೆಯ ಪ್ಲಾಸ್ಟಿಕ್ ಕನ್ನಡಕ ತೂಗುತ್ತಿದೆ. ಕಬ್ಬಿನ ಎಲೆಯ ಅಂಚು ಗರಗಸದಂಥದು, ಕಣ್ಣಿಗೆ ತಾಗದಿರಲಿ ಎಂದು ವಿಜ್ಞಾನ ಮೇಳದ ಸಂಚಾಲಕ ಪಾರಿಸ ಮಾಸ್ತರರು ಕೊಟ್ಟದ್ದು ಅದು. ಮಂಜಿನಲ್ಲಿ ಅದನ್ನು ಹಾಕಿಕೊಂಡರೆ ಏನೂ ಕಾಣುವುದಿಲ್ಲ. ಆದ್ದರಿಂದ ಮಾಸ್ತರರು ಎದುರಿಗಿದ್ದಾಗ ಅದು ಕನ್ನಡಕ, ಉಳಿದ ಹೊತ್ತು ಒಡವೆ.

ಎದ್ದು ನಿಂತು ಎರಡು ಸಲ ಚಪ್ಪಾಳೆ ತಟ್ಟುತ್ತಾರೆ. ಪರರ ಮನೆಯ ಹೊಸಿಲಲ್ಲಿ ನಿಂತವರ ಹಾಗೆ ಕಬ್ಬಿನ ಕಡೆ ಮುಖ ಮಾಡಿ ಹೇಳುತ್ತಾರೆ:

"ಬರಾಕತ್ತೀನ್ರಿ. ಸ್ವಲ್ಪ ಸರೀರಿ."

ಹೇಳಿದ್ದು ಹಾವಿಗೆ. ಕಾಡುಹಂದಿಗೂ ಅನ್ವಯಿಸುತ್ತದೆ. ಹಾವಿಗೆ ಬಹುವಚನವೇಕೆ ಎಂದು ಕೇಳಿದರೆ ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಾಣುತ್ತದೆ. "ಅವರ ಮನಿಯಾಗ ನಾವು ಹೊಕ್ಕೀವ್ರಿ. ಸರಿಯೋ ಅಂದ್ರ ಕೇಳ್ತಾರೇನು?"

ನೆಲಕ್ಕೆ ಉದುರಿದ ಒಣ ಎಲೆಗೆ ಇಲ್ಲಿ ರವದಿ ಎನ್ನುತ್ತಾರೆ. ಅದರ ಮೇಲೆ ಬೂಟಿನ ಕರಕರ ಸದ್ದು ಸ್ವಲ್ಪ ದೂರ ಕೇಳಿ ನಿಲ್ಲುತ್ತದೆ. ಆಮೇಲೆ ಸಾವಿತ್ರೆವ್ವ ಇಲ್ಲ. ಕಬ್ಬು ಮಾತ್ರ ಇದೆ.

ಶಿರಗುಪ್ಪಿಯಲ್ಲಿ ಪ್ರತಿವರ್ಷ ಚಳಿಗಾಲದ ಒಂದು ಶನಿವಾರ, ಭಾನುವಾರ ಸುತ್ತಲಿನ ಐದು ತಾಲ್ಲೂಕಿನ ಶಾಲೆಗಳ ವಿಜ್ಞಾನ ಸಂಘಗಳು ಸೇರುತ್ತವೆ. ಹಾರಿಸುವುದು ನೀರಿನ ರಾಕೆಟ್ಟು. ತಂಪು ಪಾನೀಯದ ಖಾಲಿ ಬಾಟಲಿಗೆ ರಟ್ಟಿನ ರೆಕ್ಕೆ ಅಂಟಿಸಿ, ಮೂತಿಗೆ ಭಾರಕ್ಕೆಂದು ಮಣ್ಣು ತುಂಬಿ, ಮೂರರಲ್ಲಿ ಒಂದು ಪಾಲು ನೀರು ತುಂಬಿ, ಬಾಯಿಗೆ ರಬ್ಬರಿನ ಬಿರಡೆ ಜಡಿದು, ತಲೆಕೆಳಗಾಗಿ ನಿಲ್ಲಿಸಿ ಸೈಕಲ್ ಪಂಪಿನಿಂದ ಗಾಳಿ ಹೊಡೆಯಬೇಕು. ದಾರ ಎಳೆದರೆ ಕೊಂಡಿ ಬಿಡುತ್ತದೆ. ನೀರು ಕೆಳಕ್ಕೆ, ಬಾಟಲಿ ಮೇಲಕ್ಕೆ, ಹತ್ತಿರ ನಿಂತವರು ತೊಯ್ದು ತೊಪ್ಪೆ. ಇದರಲ್ಲಿ ನ್ಯೂಟನ್ನನ ಮೂರನೆಯ ನಿಯಮ ಅಡಗಿದೆ ಎಂದು ಪಾರಿಸ ಮಾಸ್ತರರು ಪ್ರತಿವರ್ಷ ಮೈಕಿನಲ್ಲಿ ಹೇಳುತ್ತಾರೆ. ಮಕ್ಕಳು ತೊಯ್ಯುವುದಕ್ಕೆ ಸರದಿಯಲ್ಲಿ ನಿಲ್ಲುತ್ತಾರೆ.

ಹಾರಿಸುವ ಜಾಗ ಊರಿನ ದೊಡ್ಡ ರೈತ ರಾವಸಾಹೇಬರದು. ಮೊದಲೇ ಕಡಿದು ಖಾಲಿಯಾದ ತುಂಡು ಹೊಲ. ಅದರ ಒಂದು ಮಗ್ಗುಲಿಗೆ ರಸ್ತೆ, ಅಲ್ಲಿ ಹಗಲಿಡೀ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಓಡಾಡುತ್ತವೆ. ಇನ್ನೊಂದು ಮಗ್ಗುಲಿಗೆ ದ್ರಾಕ್ಷಿ ತೋಟ, ಅಲ್ಲಿ ಬಾಟಲಿ ಬಿದ್ದರೆ ಹಾಳಾದ ಗೊನೆಗೆ ಉತ್ತರ ಹೇಳಬೇಕು. ಉಳಿದದ್ದು ರಾವಸಾಹೇಬರದೇ ನಿಂತ ಕಬ್ಬು. ಕಬ್ಬಿನ ಮೇಲೆ ಬಿದ್ದರೆ ಯಾರಿಗೂ ಪೆಟ್ಟಿಲ್ಲ. ಆದ್ದರಿಂದ ವಿಜ್ಞಾನವೆಲ್ಲ ಕಬ್ಬಿನ ದಿಕ್ಕಿಗೇ ಹಾರುತ್ತದೆ.

ಹಾರಿದ್ದು ವಾಪಸು ಬರಬೇಕು. ಒಂದೊಂದು ತಂಡಕ್ಕೆ ಎರಡು ಹಾರಾಟ, ಶನಿವಾರ ಒಂದು, ಭಾನುವಾರ ಒಂದು. ಎರಡಕ್ಕೂ ಅದೇ ರಾಕೆಟ್ಟು ಇರಬೇಕೆಂಬುದು ನಿಯಮ. ಹತ್ತರಲ್ಲಿ ಏಳು ಬಾಟಲಿ ಕಬ್ಬಿನೊಳಗೆ ಹೋಗುತ್ತವೆ. ಅವನ್ನು ಹೊರಗೆ ತರುವುದು ಸಾವಿತ್ರೆವ್ವನ ಕೆಲಸ. ಕೂಲಿ ಎಂದರೆ ಎರಡು ದಿನದ ಊಟ, ಮತ್ತು ಆ ಹೊಲ ಕಡಿಯುವಾಗ ತಮ್ಮ ಆಡುಗಳಿಗೆ ಸಾಕಾಗುವಷ್ಟು ವಾಡೆ, ಅಂದರೆ ಕಬ್ಬಿನ ತುದಿಯ ಹಸಿ ಮೇವು. ಮೇಳದ ಬ್ಯಾನರಿನಲ್ಲಿ ಸ್ವಾಗತ ಸಮಿತಿ, ಊಟದ ಸಮಿತಿ, ನಿರ್ಣಾಯಕರು, ಶಾಮಿಯಾನದವರು ಎಲ್ಲರ ಹೆಸರೂ ಇದೆ. ಇವರದಿಲ್ಲ. ಗಂಡ ಬಾಳಾಸಾಬ ಮಾತ್ರ ಬೀಗರು ಬಂದಾಗಲೆಲ್ಲ ಹೇಳುತ್ತಾನೆ: "ನಮ್ಮಾಕಿ ಸರಕಾರಿ ನೌಕರಿಯಾಗ ಇಲ್ಲ ಖರೆ, ರಾಕೆಟ್ ಖಾತೆದಾಗ ಅದಾಳ."

ಸಾವಿತ್ರೆವ್ವನ ತವರು ರಾಯಬಾಗ ತಾಲ್ಲೂಕಿನ ಪಾಲಬಾವಿ. ಅಲ್ಲಿ ಬಟಾಬಯಲಿನ ಮಡ್ಡಿ ನೆಲ. ಆಡು ಹರದಾರಿ ದೂರ ಹೋದರೂ ಕಣ್ಣಿಗೆ ಕಾಣುತ್ತದೆ, ಕೂಗಿದರೆ ತಿರುಗಿ ನೋಡುತ್ತದೆ. ಮದುವೆಯಾಗಿ ಶಿರಗುಪ್ಪಿಗೆ ಬಂದರೆ ಎಲ್ಲಿ ನೋಡಿದಲ್ಲಿ ಕಬ್ಬು. ಗಂಡನ ಮನೆಯವರಿಗೆ ಒಂದು ಚೂರು ಹೊಲ, ಒಂದು ಹಿಂಡು ಆಡು, ಮೇಯಿಸಲು ಮಾತ್ರ ಬದು ಬಿಟ್ಟರೆ ಬೇರೆ ಜಾಗವಿಲ್ಲ. ಬಂದ ವರ್ಷವೇ ಒಂದು ಗಬ್ಬದ ಆಡು ಕಬ್ಬಿನೊಳಗೆ ಹೊಕ್ಕು ಕಾಣೆಯಾಯಿತು. ಅತ್ತೆ ಏನೂ ಅನ್ನಲಿಲ್ಲವಂತೆ, ಬರೀ ಊಟಕ್ಕೆ ಕರೆಯಲಿಲ್ಲ. ಸಾವಿತ್ರೆವ್ವ ಕಬ್ಬಿನೊಳಗೆ ಹೋಗಿ ಕಣ್ಣು ಮುಚ್ಚಿ ಕೂತರು. ಕಣ್ಣು ತೆರೆದರೂ ಅಲ್ಲಿ ಕಾಣುವುದೇನು, ಎಲೆ. ಕಿವಿ ಮಾತ್ರ ಕೆಲಸಕ್ಕೆ ಬರುತ್ತದೆ. ಎಲೆ ಗಾಳಿಗೆ ಆಡುವ ಸದ್ದು ಬೇರೆ, ಯಾರೋ ತಾಗಿ ಆಡುವ ಸದ್ದು ಬೇರೆ ಎಂಬುದು ಗೊತ್ತಾಗಲು ಎರಡು ದಿನ ಹಿಡಿಯಿತು. ಆಡು ಸಿಕ್ಕಿತು. ಮರಿಗಳೂ ಜೊತೆಗಿದ್ದವು.

ಎಡಹುಬ್ಬನ್ನು ಸೀಳಿಕೊಂಡು ಹೋದ ಗೆರೆಯೊಂದು ಅವರ ಮುಖದಲ್ಲಿದೆ. ಅದೂ ಆ ವರ್ಷದ್ದೇ. "ಕಬ್ಬು ಸಿಹಿ ಅಂತಾರ. ನನಗ ಮೊದಲ ಅದರ ಎಲಿ ಗೊತ್ತಾತು," ಎನ್ನುತ್ತಾರೆ.

ಮೇಳ ಮೊದಲ ಸಲ ಈ ಹೊಲಕ್ಕೆ ಬಂದಾಗ ಅವರು ಬದುವಿನಲ್ಲಿ ಆಡು ಮೇಯಿಸುತ್ತಿದ್ದರು. ರಾಕೆಟ್ಟೊಂದು ಹಿಂಡಿನ ನಡುವೆ ಬಿದ್ದು ಆಡುಗಳು ದಿಕ್ಕಾಪಾಲಾದವು. ಬಾಟಲಿ ಹಿಡಿದು ನೇರ ಶಾಮಿಯಾನಕ್ಕೆ ಬಂದು, ಮೈಕಿನ ಮುಂದಿದ್ದ ಪಾರಿಸ ಮಾಸ್ತರರನ್ನು ಇದು ಯಾರದೆಂದು ಕೇಳಿದರು. ಮಕ್ಕಳದು ಎಂದರು ಮಾಸ್ತರರು. ಇಷ್ಟೊಂದು ಮಕ್ಕಳು ಸೇರಿ ಬಾಟಲಿ ಒಗೆಯುತ್ತಿದ್ದರೆ ಸುಮ್ಮನೆ ನಿಂತು ನೋಡುವ ನೀವೆಂಥ ಮಾಸ್ತರರು ಎಂದು ಸಾವಿತ್ರೆವ್ವ ಬೈದದ್ದು ಧ್ವನಿವರ್ಧಕದಲ್ಲಿ ಇಡೀ ಮೇಳಕ್ಕೆ ಕೇಳಿಸಿತು. ಅದೇ ಹೊತ್ತಿಗೆ ಬಾಟಲಿ ತರಲು ಕಬ್ಬಿನೊಳಗೆ ಹೊಕ್ಕಿದ್ದ ಇಬ್ಬರು ವಿದ್ಯಾರ್ಥಿಗಳು ತಾವೇ ಕಳೆದುಹೋಗಿದ್ದರು. ಬೈದು ಮುಗಿಸಿ ಹೋಗಿ ಅವರನ್ನು ಕರೆತಂದವರೂ ಸಾವಿತ್ರೆವ್ವನೇ. ನೇಮಕಾತಿ ಆದದ್ದು ಹೀಗೆ.

ಆ ವರ್ಷ ಒಂದು ರಾಕೆಟ್ಟಿನ ರೆಕ್ಕೆ ಮಾತ್ರ ಒಳಗೇ ಉಳಿಯಿತು. ಕಬ್ಬು ಕಡಿದಾಗ ವಾಡೆಯ ಹೊರೆಯಲ್ಲಿ ಸೇರಿ, ಮೇವು ಕತ್ತರಿಸುವ ಯಂತ್ರದಲ್ಲಿ ಚೂರಾಗಿ ರಾವಸಾಹೇಬರ ಎಮ್ಮೆಯ ಹೊಟ್ಟೆಗೆ ಹೋಯಿತು. ಎಮ್ಮೆ ಮೇವು ಬಿಟ್ಟು ಮಲಗಿತು. ಡಾಕ್ಟರು ಬಂದು ಔಷಧ ಕುಡಿಸಿದ ಮೇಲೆ ಹೇಗೋ ಬದುಕಿತು. "ಎಮ್ಮಿ ಆರಾಮಾತ್ರಿ. ಆದರ ಊರಾಗ ರಾಕೆಟ್ ತಿಂದ ಎಮ್ಮಿ ಅಂತ ಹೆಸರ ಬಿತ್ತು. ಹಾಲು ಹಾಕಾಕ ಹೋದ್ರ ಡೇರಿಯಾಗ ನಗ್ತಿದ್ರು," ಎಂದು ರಾವಸಾಹೇಬರ ಹೆಂಡತಿ ಗೌರಾಬಾಯಿ ನೆನೆಯುತ್ತಾರೆ. ಹೊಲ ಇನ್ನು ಕೊಡುವುದಿಲ್ಲ ಎಂದರು ರಾವಸಾಹೇಬರು. ಮಾಸ್ತರರು ಕೈಮುಗಿದರು. ಅದು ಕೆಲಸಕ್ಕೆ ಬರಲಿಲ್ಲ. ಆಗ ಸಾವಿತ್ರೆವ್ವ ನಡುವೆ ಬಂದು, ಒಳಗೆ ಹೋದದ್ದೆಲ್ಲ ಹೊರಗೆ ತರುವ ಜವಾಬ್ದಾರಿ ತನ್ನದು, ಒಂದು ಉಳಿದರೂ ಮರುವರ್ಷ ಹೊಲ ಕೊಡಬೇಡಿ ಎಂದರು. ಹೊಲ ಅಂದಿನಿಂದ ಆ ಮಾತಿನ ಮೇಲೆ ಸಿಗುತ್ತಿದೆ.

ಅವರ ಕ್ರಮ ಸರಳ. ಕಬ್ಬಿನ ನಡುವೆ ನೀರು ಹಾಯಿಸುವ ಕಾಲುವೆಯಿದೆ, ಅದರಲ್ಲಿ ನಿಲ್ಲುತ್ತಾರೆ. ಹೊರಗೆ ಮಕ್ಕಳು ಎಣಿಸುವುದು ಕೇಳುತ್ತದೆ: ತೀನ್, ದೋನ್, ಏಕ್. ಆಮೇಲೆ ಫುಸ್ಸೆಂಬ ಸದ್ದು. ಆಮೇಲೆ ಮಕ್ಕಳ ಕೂಗು. "ನಕ್ಕರಂದ್ರ ರಾಕೆಟ್ ಅಲ್ಲೇ ಬಿದ್ದೈತಿ, ನನಗ ಕೆಲಸಿಲ್ಲ. ಓ ಅಂತ ಸಣ್ಣದಾಗಿ ಅಂದ್ರ ಬದುವಿನ್ಯಾಗ. ಓ ಅಂತ ಉದ್ದಕ ಎಳದ್ರ ನಾ ಓಡ್ಬೇಕು." ಕೊನೆಗೆ ಎಲೆಯ ಸದ್ದು ಬರುತ್ತದೆ. ಅದರ ಹಿಂದೆ ಹೋಗಿ ನೆಲ ನೋಡಿದರೆ ಬಾಟಲಿ ಬಿದ್ದಿರುತ್ತದೆ. ಸದ್ದು ಸರಿಯಾಗಿ ಕೇಳಿಸದಿದ್ದರೆ ಸಾಲು ಸಾಲಾಗಿ ನೋಡಬೇಕು. ನೋಡಿ ಮುಗಿದ ಸಾಲಿನ ಬಾಯಲ್ಲಿ ಅಕ್ಕಪಕ್ಕದ ಎರಡು ಎಲೆ ಸೇರಿಸಿ ಗಂಟು ಹಾಕುತ್ತಾರೆ. ಹೊರಗಿನವರಿಗೆ ಅದು ಏನೋ ಹರಕೆಯ ಹಾಗೆ ಕಾಣುತ್ತದೆ.

ಇಷ್ಟೆಲ್ಲದರ ನಡುವೆ ಒಂದು ಸಣ್ಣ ಕೊರತೆ ಉಳಿದಿದೆ. ಇಷ್ಟು ವರ್ಷದಲ್ಲಿ ಸಾವಿತ್ರೆವ್ವ ಒಂದೇ ಒಂದು ರಾಕೆಟ್ಟು ಮೇಲೇರುವುದನ್ನು ನೋಡಿಲ್ಲ. ಅದು ಏರುವಾಗ ಅವರು ಕಬ್ಬಿನೊಳಗೆ ಇರಬೇಕು, ಕಬ್ಬಿನೊಳಗೆ ಆಕಾಶ ಗೇಣಗಲ. ಕೊನೆಯದನ್ನಾದರೂ ಹೊರಗೆ ಬಂದು ನೋಡಿ ಎಂದು ಮಾಸ್ತರರು ಪ್ರತಿಸಲ ಕರೆಯುತ್ತಾರೆ. ಕೊನೆಯದೂ ಕಬ್ಬಿನೊಳಗೇ ಬೀಳುತ್ತದಲ್ಲ. "ಮೊಬೈಲ್‍ನ್ಯಾಗ ತೋರಿಸ್ಯಾರ್ರಿ. ಇಷ್ಟ ಕಾಣ್ತದ," ಎಂದು ಬೆರಳ ತುದಿ ತೋರಿಸುತ್ತಾರೆ. "ಒಂದಾದ್ರೂ ಪೂರಾ ನೋಡಬೇಕಂತ ಐತಿ."

ಈಗ ಶನಿವಾರಕ್ಕೆ ಬರೋಣ.

ಸದಲಗಾದಿಂದ ಬಂದ ತಂಡದ ಮುಂದಾಳು ಒಂಬತ್ತನೆಯ ತರಗತಿಯ ದಾನೇಶ್ವರಿ. ರಾಕೆಟ್ಟು ಚೆನ್ನಾಗಿ ಕಾಣಲೆಂದು ತಂಡ ಅದಕ್ಕೆ ಬಣ್ಣ ಹಚ್ಚಿದೆ. ಅಂಗಡಿಯಿಂದ ತಂದ ಬಣ್ಣವಲ್ಲ. ದಾನೇಶ್ವರಿಯ ಕಾಕಾ ಟ್ರ್ಯಾಕ್ಟರಿಗೆ ಹೊಡೆಸಿ ಉಳಿದ ಹಸಿರು ಬಣ್ಣದ ಡಬ್ಬಿ ಮನೆಯಲ್ಲಿತ್ತು. ಎರಡು ಕೈ ಬಳಿದು, ಮೂತಿ, ರೆಕ್ಕೆ ಎಲ್ಲ ಹಸಿರು ಮಾಡಿ, ಮೈಮೇಲೆ ಹಸಿರಿನಲ್ಲೇ 'ಹಸಿರು ಕ್ರಾಂತಿ' ಎಂದು ಹೆಸರನ್ನೂ ಬರೆದರು. ಕಬ್ಬಿನ ಸೀಮೆಯಲ್ಲಿ ಹುಟ್ಟಿ ಬೆಳೆದ ಏಳು ಮಕ್ಕಳಿಗೂ, ಅವರ ಶಿಕ್ಷಕರಿಗೂ, ಕಾಕಾನಿಗೂ ಇದರಲ್ಲಿ ಏನೂ ಎಡವಟ್ಟು ಕಾಣಲಿಲ್ಲ. ಸುಂದರ ಎಂದರೆ ಅವರ ಕಣ್ಣಿಗೆ ಹಸಿರು ಟ್ರ್ಯಾಕ್ಟರು.

ಹಸಿರು ಕ್ರಾಂತಿ ಶನಿವಾರ ಎಲ್ಲಕ್ಕಿಂತ ಎತ್ತರ ಹಾರಿತು. ಮೇಳಕ್ಕೆ ಮೇಳವೇ ಓ ಎಂದಿತು. ಒಳಗಿದ್ದ ಸಾವಿತ್ರೆವ್ವ ಅಷ್ಟು ಉದ್ದದ ಓ ಹಿಂದೆಂದೂ ಕೇಳಿರಲಿಲ್ಲವಂತೆ. ಓಡಲು ಸಿದ್ಧರಾಗಿ ನಿಂತರು. ಎಲೆಯ ಸದ್ದು ಬರಲೇ ಇಲ್ಲ. ಸಂಜೆಯವರೆಗೆ ಸಾಲು ಹಿಡಿದು ಗಂಟು ಹಾಕುತ್ತ ಹೋದರು. ನಿಪ್ಪಾಣಿಯಿಂದ ಬಂದವರೊಬ್ಬರು ಮದುವೆಯ ವಿಡಿಯೊ ತೆಗೆಯುವ ಡ್ರೋನು ಹಾರಿಸಿದರು. ಅದರಲ್ಲಿ ಹಸಿರು ಸ್ಪಷ್ಟವಾಗಿ ಕಂಡಿತು. ಎಲ್ಲೆಲ್ಲೂ ಕಂಡಿತು.

ಕತ್ತಲಾಗುವ ಮೊದಲು ರಾವಸಾಹೇಬರು ಬಂದರು. ಆರಡಿಗೂ ಎತ್ತರದ ಆಳು, ಮಾತು ಕಡಿಮೆ. ಮಾಸ್ತರರನ್ನು ದಾಟಿ ಸಾವಿತ್ರೆವ್ವನ ಮುಂದೆ ನಿಂತರು. ಮುಂದಿನ ವಾರ ಕಡಿಯುವ ಗ್ಯಾಂಗು ಬರುತ್ತದೆ, ಮೇಳ ಮುಗಿಯುವುದರೊಳಗೆ ಬಾಟಲಿ ಬದುವಿನ ಮೇಲೆ ಇರಬೇಕು ಎಂದರು. "ಮಾಸ್ತರಗ ನಾ ಏನೂ ಅನ್ನಂಗಿಲ್ಲ. ಮಾತ ಕೊಟ್ಟಾಕಿ ನೀ."

ಸಾವಿತ್ರೆವ್ವ ಹೂಂ ಎಂದರು. ದಾನೇಶ್ವರಿ ಮೇಳದ ಜಿಲೇಬಿ ಊಟವನ್ನು ಹಾಗೇ ಬಿಟ್ಟು ಮಲಗಿದಳೆಂದು ಅವಳ ಗೆಳತಿಯರು ಹೇಳುತ್ತಾರೆ. ಗೆಳತಿಯರು ಅವಳ ಪಾಲಿನದನ್ನೂ ಊಟ ಮಾಡಿದ್ದಾರೆ.

ಭಾನುವಾರ ಬಿಸಿಲು ಏರಿ ಮಂಜು ಹರಿದ ಮೇಲೆ ಸಾವಿತ್ರೆವ್ವ ಕಬ್ಬಿನಿಂದ ಬರಿಗೈಯಲ್ಲಿ ಹೊರಬರುತ್ತಾರೆ. ಅಂಗಿಯ ತೋಳಿಗೆ ರವದಿ ಮೆತ್ತಿದೆ. ಬದುವಿನ ಮೇಲೆ ಕೂತು, ಟವೆಲ್ಲು ಬಿಚ್ಚಿ ಕೊಡವಿ, ನಿನ್ನೆ ಅದು ಹೋದದ್ದೆಲ್ಲಿ ತೋರಿಸಿ ಎಂದು ಸದಲಗಾದ ಮಕ್ಕಳನ್ನು ಕೇಳುತ್ತಾರೆ. ಏಳು ಮಂದಿ ಕೈ ಎತ್ತಿ ಎಂಟು ದಿಕ್ಕು ತೋರಿಸುತ್ತಾರೆ.

"ನಮ್ಮಲ್ಲಿ ಮರಿ ಕಳದ್ರ ತಾಯಿ ಹಗ್ಗ ಬಿಚ್ಚಿ ಬಿಟ್ಟು ಅದರ ಹಿಂದ ಹೋಗ್ತೀವಿ," ಎನ್ನುತ್ತಾರೆ ಸಾವಿತ್ರೆವ್ವ, ಯಾರಿಗೆಂದಿಲ್ಲ. ದಾನೇಶ್ವರಿಯ ಕಡೆ ತಿರುಗುತ್ತಾರೆ. "ಅದರ ಜೋಡಿ ಇನ್ನೊಂದ ಬಾಟ್ಲಿ ಐತೇನವಾ?"

"ಐತಿ ಆಯಿ. ಬಣ್ಣ ಹಚ್ಚಿಲ್ಲ. ಬಿಳೀದು."

"ಬಿಳೀದ ಬೇಕು."

ಪಾರಿಸ ಮಾಸ್ತರರಿಗೆ ವಿಷಯ ಹೊಳೆದು ಹುರುಪು ಬರುತ್ತದೆ. ಅದೇ ಜಾಗ, ಅಷ್ಟೇ ನೀರು, ಅಷ್ಟೇ ಗಾಳಿ, ಅಷ್ಟೇ ಓರೆ. ನಿನ್ನೆಯ ಅಂಕಿಗಳೆಲ್ಲ ತಂಡದ ಬಳಿ ಇವೆ. ಬೀಸುವ ಗಾಳಿಯೊಂದು ತಮ್ಮ ಕೈಯಲ್ಲಿಲ್ಲ, ಅದೂ ನಿನ್ನೆಯ ಹಾಗೇ ನದಿಯ ಕಡೆಯಿಂದಲೇ ಇದೆ. ಬಿಳಿ ಬಾಟಲಿ ಎಲ್ಲಿ ಬೀಳುತ್ತದೋ ಹಸಿರೂ ಅದರ ಆಸುಪಾಸಿನಲ್ಲೇ ಇರಬೇಕು. ಆದರೆ ಬೀಳುವ ಜಾಗ ಗುರುತಿಸಲು ಕಬ್ಬು ಬಲ್ಲ ಕಣ್ಣೇ ಬೇಕು. ಒಳಗಿದ್ದರೆ ಅದು ಆಗದು. ಸಾವಿತ್ರೆವ್ವ ಈ ಸಲ ಹೊರಗೆ, ಹಾರಿಸುವವರ ಪಕ್ಕದಲ್ಲೇ ನಿಲ್ಲಬೇಕು.

ಸಾವಿತ್ರೆವ್ವ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಾರೆ. ಕೊರಳಲ್ಲಿದ್ದ ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಳ್ಳುತ್ತಾರೆ. ಮಂಜಿಲ್ಲದ್ದರಿಂದ ಅದರಲ್ಲೀಗ ಕಾಣುತ್ತದೆ.

ಅಷ್ಟರಲ್ಲಿ ರಾವಸಾಹೇಬರ ಮೋಟರ್‌ಸೈಕಲ್ಲು ಬರುತ್ತದೆ. ಹಿಂದೆ ಗೌರಾಬಾಯಿ, ಅವರ ತೊಡೆಯ ಮೇಲೆ ಚಹದ ಕ್ಯಾನು. ಬಾಟಲಿ ಸಿಕ್ಕಿತೇ ಎಂದು ರಾವಸಾಹೇಬರು ಕೇಳುವುದಿಲ್ಲ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಕಳೆದ ಬಾಟಲಿ ಹುಡುಕಲು ಇನ್ನೊಂದು ಬಾಟಲಿಯನ್ನು ತಮ್ಮ ಕಬ್ಬಿಗೆ ಬಿಡಲಿದ್ದಾರೆಂದು ತಿಳಿದಾಗ ಅವರ ಹುಬ್ಬು ಮೇಲೆ ಹೋಗುತ್ತದೆ. ಬೇಡವೆನ್ನುವುದರೊಳಗೆ ಎಣಿಕೆ ಶುರುವಾಗಿಬಿಡುತ್ತದೆ.

ತೀನ್. ದೋನ್. ಸಾವಿತ್ರೆವ್ವ ದಾನೇಶ್ವರಿಯ ಹೆಗಲು ಹಿಡಿದುಕೊಳ್ಳುತ್ತಾರೆ. ಏಕ್.

ಕೊಂಡಿ ಬಿಡುತ್ತದೆ. ನೀರಿನ ಬಿಳಿ ಬಾಲವೊಂದು ನೆಲಕ್ಕೆ ಅಪ್ಪಳಿಸಿ ಮುಂದಿನ ಸಾಲಿನವರನ್ನೆಲ್ಲ ತೋಯಿಸುತ್ತದೆ. ಬಾಟಲಿ ಆಗಲೇ ಅಲ್ಲಿಲ್ಲ. ಕಬ್ಬಿನ ತುದಿ ದಾಟಿ, ರಸ್ತೆಯ ಬೇವಿನ ಮರದ ಎತ್ತರ ದಾಟಿ, ಬಿಸಿಲಿಗೆ ಫಕ್ಕನೆ ಹೊಳೆದು ಇನ್ನೂ ಮೇಲೆ ಹೋಗುತ್ತಿದೆ. ಸಾವಿತ್ರೆವ್ವನ ಟವೆಲ್ಲು ಜಾರಿ ಬೀಳುತ್ತದೆ. ತುತ್ತತುದಿಯಲ್ಲಿ ಬಾಟಲಿ ಅರೆಕ್ಷಣ ನಿಂತ ಹಾಗೆ ಕಾಣುತ್ತದೆ.

ಬಹಳ ಹೊತ್ತಿನ ಮೇಲೆ ಮಾಸ್ತರರು ಕೇಳುತ್ತಾರೆ: "ಎಲ್ಲಿ ಬಿತ್ರಿ, ಸಾವಿತ್ರೆವ್ವ?"

ಸಾವಿತ್ರೆವ್ವ ಇನ್ನೂ ಮೇಲೆಯೇ ನೋಡುತ್ತಿದ್ದಾರೆ. ಮೆಲ್ಲಗೆ ಕತ್ತು ಇಳಿಸಿ ಅವರನ್ನೇ ಕೇಳುತ್ತಾರೆ: "ಬಿತ್ತೇನ್ರಿ?"

ಮಾಸ್ತರರು ನೋಡಿಲ್ಲ. ಅವರು ಸಾವಿತ್ರೆವ್ವನ ಮುಖ ನೋಡುತ್ತಿದ್ದರು. ದಾನೇಶ್ವರಿಯೂ ಅದನ್ನೇ. ಉಳಿದ ಮಕ್ಕಳು ಮುಖಕ್ಕೆ ಹಾರಿದ ನೀರು ಒರೆಸಿಕೊಳ್ಳುತ್ತಿದ್ದರು. ಹೀಗಾಗಿ ಕಬ್ಬಿನೊಳಗೆ ಈಗ ಎರಡು ಬಾಟಲಿಗಳಿವೆ.

"ನಾ ನೋಡೀನಿ," ಎನ್ನುತ್ತಾರೆ ರಾವಸಾಹೇಬರು.

"ಏನ್ ನೋಡೀರಿ? ಬಾಯಿ ತಕ್ಕೊಂಡು ಮ್ಯಾಲ ನೋಡಾಕತ್ತಿದ್ರಿ. ನಾ ಇಲ್ಲೇ ಇದ್ದೆ," ಎನ್ನುತ್ತಾರೆ ಗೌರಾಬಾಯಿ.

ಹೆಂಡತಿಯ ಬಾಯಿಂದ, ಐದು ತಾಲ್ಲೂಕಿನ ಮಕ್ಕಳ ಮುಂದೆ ಇಂಥ ಮಾತು ಬಿದ್ದ ಮೇಲೆ ಗಂಡಸಿಗೆ ದಾರಿ ಒಂದೇ. ರಾವಸಾಹೇಬರು ಧೋತರ ಎತ್ತಿ ಕಟ್ಟಿ ತಮ್ಮ ಕಬ್ಬಿನೊಳಗೆ ಹೊಕ್ಕುಬಿಡುತ್ತಾರೆ. ಚಪ್ಪಾಳೆ ತಟ್ಟುವುದಿಲ್ಲ, ಯಾರಿಗೂ ಸರಿಯಿರಿ ಎನ್ನುವುದಿಲ್ಲ. ಹೊಲ ಅವರದೇ. ಕಡಿಸುವುದಕ್ಕೆ ಗ್ಯಾಂಗು, ನೀರು ಬಿಡುವುದಕ್ಕೆ ಆಳು, ಲೆಕ್ಕಕ್ಕೆ ತಮ್ಮ. ಕಬ್ಬು ಆಳೆತ್ತರ ಆದ ಮೇಲೆ ಅವರು ಒಳಗೆ ಕಾಲಿಟ್ಟು ಎಷ್ಟು ವರ್ಷವಾಯಿತೆಂದು ಗೌರಾಬಾಯಿಗೂ ನೆನಪಿಲ್ಲ.

ಚಹ ಹಂಚಿ ಮುಗಿಯುತ್ತದೆ. ರಾವಸಾಹೇಬರ ಪಾಲಿನದು ಕಪ್ಪಿನಲ್ಲಿ ಆರುತ್ತದೆ. ಆಮೇಲೆ ಕಬ್ಬಿನ ಒಳಗಿನಿಂದ, ಬಹಳ ದೂರದಿಂದ, ಒಂದು ಧ್ವನಿ ಬರುತ್ತದೆ.

"ಸಾವಿತ್ರಾ..."

ಎಲ್ಲರೂ ಗೌರಾಬಾಯಿಯನ್ನು ನೋಡುತ್ತಾರೆ. ಗೌರಾಬಾಯಿ ಸಾವಿತ್ರೆವ್ವನ ಕೈಯಿಂದ ಖಾಲಿ ಕಪ್ಪು ಇಸಿದುಕೊಳ್ಳುತ್ತಾರೆ. "ಹೋಗವಾ, ತಕ್ಕೊಂಡ ಬಾ. ಅದೂ ನಿಂದ ಖಾತೆ."

ಸಾವಿತ್ರೆವ್ವ ಚಪ್ಪಾಳೆ ತಟ್ಟಿ, ಹೇಳುವುದನ್ನು ಹೇಳಿ ಒಳಗೆ ಹೋಗುತ್ತಾರೆ. ಉಳಿದದ್ದು ಬದುವಿನ ಮೇಲೆ ನಿಂತವರಿಗೆ ಕೇಳಿಸಿದಷ್ಟು.

"ಎಲ್ಲಿ ಅದೀರಿ, ಸಾವಕಾರ್ರ?"

"ಇಲ್ಲೇ ಅದೀನಿ."

"ಇಲ್ಲೇ ಅಂದ್ರ ಎಲ್ರಿ?"

"ಗೊತ್ತಿದ್ರ ನಾನ ಬರ್ತಿದ್ದಿಲ್ಲೇನು?"

ರವದಿಯ ಕರಕರ ಸದ್ದು ಒಂದಿಷ್ಟು ಹೊತ್ತು ಅತ್ತ ಇತ್ತ ಹೋಗುತ್ತದೆ. ಒಮ್ಮೆಲೇ ನಿಲ್ಲುತ್ತದೆ.

"ಅಲ್ಲೇ ನಿಲ್ರಿ. ಅಳ್ಳಾಡಬ್ಯಾಡ್ರಿ."

"ಯಾಕ? ಹಾವೇನು?"

"ಬಾಟ್ಲಿ."

ಹೊರಗೆ ಬಂದ ಮೇಲೆ ಇಬ್ಬರೂ ಹೇಳಿದ್ದನ್ನು ಜೋಡಿಸಿದರೆ ನಡೆದದ್ದು ಇಷ್ಟು. ಆ ಭಾಗದಲ್ಲಿ ಕಬ್ಬು ಭಾರಕ್ಕೆ ಬಾಗಿ ಒಂದರ ಮೇಲೊಂದು ಒರಗಿದೆ. ಹಸಿರು ಕ್ರಾಂತಿ ನೆಲಕ್ಕೆ ಬಿದ್ದೇ ಇರಲಿಲ್ಲ. ಮೂತಿಯ ಮಣ್ಣಿನ ಭಾರ ಗಾಳಿಯಲ್ಲೇ ಕಳಚಿದ್ದರಿಂದ ಹಗುರಾಗಿ ಇಳಿದು, ಬಾಗಿದ ಕಬ್ಬಿನ ಸುಳಿಯಲ್ಲಿ ರೆಕ್ಕೆ ಸಿಕ್ಕಿಸಿಕೊಂಡು ಕೂತಿತ್ತು. ಆದ್ದರಿಂದಲೇ ಎಲೆ ಸದ್ದು ಮಾಡಲಿಲ್ಲ. ನಿನ್ನೆ ಸಂಜೆ ಸಾವಿತ್ರೆವ್ವ ಆ ಸಾಲಿನಲ್ಲೂ ಬಗ್ಗಿ ನೆಲ ನೋಡುತ್ತ ಅದರ ಕೆಳಗೇ ಹೋಗಿದ್ದಾರೆ. ಆ ಸಾಲಿನ ಬಾಯಲ್ಲಿ ಅವರದೇ ಗಂಟು ಇದೆ. ಇವತ್ತು ರಾವಸಾಹೇಬರು ದಾರಿ ತಪ್ಪಿ ಅದೇ ಜಾಗದಲ್ಲಿ ನಿಂತಿದ್ದರು.

"ಯಾವಾಗಲೂ ನೆಲ ನೋಡಿದಾಕಿ ನಾ," ಎನ್ನುತ್ತಾರೆ ಸಾವಿತ್ರೆವ್ವ. "ಸಾವಕಾರ್ರು ಎತ್ತರ ಅದಾರ. ಮಾತಾಡ್ಸಾಕ ಕತ್ತು ಎತ್ತಿದೆ. ಅವರ ತಲಿ ಮ್ಯಾಲ ಕೂತಿತ್ತು."

"ನಾ ನಿಂತಲ್ಲೇ ಇತ್ತು," ಎನ್ನುತ್ತಾರೆ ರಾವಸಾಹೇಬರು. ಅವರ ಮಾತಿನಲ್ಲಿ ಬಾಟಲಿ ಪತ್ತೆ ಮಾಡಿದವರು ಅವರೇ. ಎರಡೂ ಮುಂಗೈಗಳು ಗೀರು ಬಿದ್ದು ಉರಿಯುತ್ತಿವೆ. ಈ ಎಲೆ ಇಷ್ಟು ಕೊಯ್ಯುತ್ತದೆಂದು ಯಾರೂ ತನಗೆ ಹೇಳಿರಲಿಲ್ಲ ಎಂದು ಹೆಂಡತಿಯ ಬಳಿ ದೂರುತ್ತಾರೆ. ಗೌರಾಬಾಯಿ ಆರಿದ ಚಹ ಕೊಡುತ್ತಾರೆ. ಮುಂದಿನ ವರ್ಷದ ಮಾತನ್ನು ಯಾರೂ ಎತ್ತುವುದಿಲ್ಲ. ತಾವೂ ಅದೇ ಕಬ್ಬಿನಿಂದ ಹುಡುಕಿಸಿಕೊಂಡು ಹೊರಬಂದಿರುವಾಗ ರಾವಸಾಹೇಬರಿಗೂ ಅದು ಎತ್ತುವ ಹೊತ್ತಲ್ಲ. ಆದರೆ ಬಿಳಿ ಬಾಟಲಿ ಇನ್ನೂ ಒಳಗಿದೆ ಎಂಬುದು ಸಾವಿತ್ರೆವ್ವನಿಗೆ ನೆನಪಿದೆ. ದಣಿವಾರಿಸಿಕೊಳ್ಳಲೂ ಕೂರದೆ ಟವೆಲ್ಲು ಸುತ್ತಿಕೊಳ್ಳತೊಡಗುತ್ತಾರೆ.

ದಾನೇಶ್ವರಿ ಮುರಿದ ರೆಕ್ಕೆಗೆ ಟೇಪು ಸುತ್ತಿ, ಮೂತಿಗೆ ಹೊಸ ಮಣ್ಣು ತುಂಬುತ್ತಾಳೆ. ತನ್ನ ಜಡೆಯ ಕೆಂಪು ರಿಬ್ಬನ್ನು ಬಿಚ್ಚಿ ಹಸಿರು ಕ್ರಾಂತಿಯ ಬಾಲಕ್ಕೆ ಕಟ್ಟುತ್ತಾಳೆ. ಯಾರೂ ಹಾಗೆ ಮಾಡೆಂದು ಹೇಳಿಲ್ಲ. ನಿರ್ಣಾಯಕರು ಗಡಿಯಾರ ನೋಡುತ್ತಿದ್ದಾರೆ. ಎರಡನೆಯ ಹಾರಾಟವನ್ನು ಆಯಿ ನೋಡಿ ಹೋಗಲಿ ಎಂದು ಅವಳು ಅಂಗಿಯ ತೋಳು ಹಿಡಿದು ಜಗ್ಗುತ್ತಾಳೆ.

"ಇಲ್ಲವಾ. ನಾ ಒಳಗಿರಬೇಕು. ಮತ್ತ ಸದ್ದಾಗಲಿಲ್ಲಂದ್ರ?" ಎಂದು ಸಾವಿತ್ರೆವ್ವ ತೋಳು ಬಿಡಿಸಿಕೊಳ್ಳುತ್ತಾರೆ. ಬದು ಇಳಿಯುವ ಮುಂಚೆ ಮಾಸ್ತರರು ಕೇಳಿದ್ದಕ್ಕೆ, ನೋಡಿದ ರಾಕೆಟ್ಟು ಹೇಗಿತ್ತೆಂದು ಹೇಳುತ್ತಾರೆ. "ಮ್ಯಾಲ ಹೋಗಿ ಒಂದ ಗಳಿಗಿ ನಿಂತು ನೋಡತೈತ್ರಿ, ಯಾರ ಮನಿ ಎಲ್ಲೈತಿ ಅಂತ. ಆಮ್ಯಾಲ ಬರತೈತಿ. ಬೀಳೂದು ನೋಡಲಿಲ್ಲ ಖರೆ. ಬಿಡ್ರಿ, ಅದನ್ನ ಇಷ್ಟು ವರ್ಷ ನೋಡೀನಿ."

ಚಪ್ಪಾಳೆ ತಟ್ಟುತ್ತಾರೆ. ಸರಿಯಿರಿ ಎನ್ನುತ್ತಾರೆ. ರವದಿಯ ಸದ್ದು ಸ್ವಲ್ಪ ದೂರ ಕೇಳಿ ನಿಲ್ಲುತ್ತದೆ. ಹೊರಗೆ ಎಣಿಕೆ ಆಗುತ್ತದೆ. ಈ ಸಲದ ಓ ನಿನ್ನೆಯಷ್ಟು ಉದ್ದವಿಲ್ಲ. ಎಲೆ ಮಾತ್ರ ಬದುವಿನವರೆಗೂ ಕೇಳುವಂತೆ ಸದ್ದು ಮಾಡುತ್ತದೆ.

ಹಸಿರು ಕ್ರಾಂತಿಗೆ ನಾಲ್ಕನೆಯ ಸ್ಥಾನ ಬಂದಿತು. ಮೇಳ ಮುಗಿಯುವ ಹೊತ್ತಿಗೆ ರಾವಸಾಹೇಬರ ಕಬ್ಬಿನಿಂದ ಎಲ್ಲ ಬಾಟಲಿಗಳೂ, ಒಬ್ಬ ಮಾಲೀಕರೂ ಹೊರಗೆ ಬಂದಿದ್ದರು. ಮುಂದಿನ ವರ್ಷದ ಮೇಳ ಅದೇ ಹೊಲದಲ್ಲಿ ನಡೆಯುತ್ತದೆ.